ತಾಯಿ ಕಾರ್ಡ್ ಬರುವ ಮೊದಲೇ ಬೇಕಾದ ಫೋಲಿಕ್ ಆ್ಯಸಿಡ್

ನಮ್ಮ ಕರಾವಳಿಯಲ್ಲಿ ಮದುವೆಯಾಗಿ ಎರಡು ತಿಂಗಳು ಕಳೆದರೆ ಸಾಕು, ಮದುಮಗಳಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಏನಾದ್ರೂ ವಿಶೇಷ ಉಂಟಾ?" ಕೋಲಕ್ಕೆ ಹೋದರೂ ಕೇಳುತ್ತಾರೆ, ಮೀನು ಮಾರ್ಕೆಟ್ಟಿನಲ್ಲೂ ಕೇಳುತ್ತಾರೆ. ದೊಡ್ಡಮ್ಮ ಕೇಳುತ್ತಾರೆ, ಸರಿಯಾಗಿ ಗುರುತು ಪರಿಚಯ ಇಲ್ಲದವರೂ ಕೇಳುತ್ತಾರೆ. "ಫೋಲಿಕ್ ಆ್ಯಸಿಡ್ ಮಾತ್ರೆ ಶುರು ಮಾಡಿದ್ಯಾ ಮಗಾ?" ಅಂತ ಕೇಳುವವರು ಮಾತ್ರ ಹುಡುಕಿದರೂ ಸಿಗುವುದಿಲ್ಲ. ವಿಶೇಷ ಉಂಟು ಅಂತ ಗೊತ್ತಾಗುವ ಹೊತ್ತಿಗೆ ಆ ಮಾತ್ರೆ ಮಾಡಬೇಕಿದ್ದ ಮುಖ್ಯ ಕೆಲಸದ ಸಮಯ ಹೆಚ್ಚುಕಮ್ಮಿ ದಾಟಿ ಹೋಗಿರುತ್ತದೆ.

ಇದು ಹೇಗೆ ಅಂತ ಕ್ಯಾಲೆಂಡರ್ ಹಿಡಿದೇ ನೋಡೋಣ. ಒಬ್ಬಳಿಗೆ ಜೂನ್ 1ಕ್ಕೆ ಮುಟ್ಟಾಯಿತು ಅಂದುಕೊಳ್ಳಿ. ಜೂನ್ 15ರ ಆಸುಪಾಸಿನಲ್ಲಿ ಗರ್ಭ ಕಟ್ಟುತ್ತದೆ. ಜೂನ್ 29ಕ್ಕೆ ಆಗಬೇಕಾದ ಮುಟ್ಟು ಆಗುವುದಿಲ್ಲ. ಸುಮ್ನೆ ನಾಲ್ಕು ದಿನ ಹಿಂದೆ ಮುಂದೆ ಆಗಿರಬಹುದು ಅಂತ ಅವಳು ಕಾಯುತ್ತಾಳೆ. ಅಷ್ಟರಲ್ಲಿ ಒಳಗೆ ಮಗುವಿನ ಮಿದುಳು ಮತ್ತು ಬೆನ್ನುಹುರಿಗೆ ಅಡಿಪಾಯವಾಗುವ ಕೊಳವೆ ರೂಪುಗೊಳ್ಳುತ್ತಿರುತ್ತದೆ. ಗರ್ಭ ಕಟ್ಟಿದ 28 ದಿನದೊಳಗೆ, ಅಂದರೆ ಜುಲೈ 13ರ ಹೊತ್ತಿಗೆ, ಆ ಕೊಳವೆ ಮುಚ್ಚಿಯಾಯಿತು. ಆಟಿ ತಿಂಗಳು ಶುರುವಾಗುವುದು ಜುಲೈ ಮಧ್ಯದಲ್ಲಿ. ಹೊಸ ಮದುಮಗಳು ಆಟಿ ಕೂರಲು ತವರಿಗೆ ಹೊರಡುವ ಮೊದಲೇ ಎಲ್ಲ ತೀರ್ಮಾನ ಆಗಿರುತ್ತದೆ! ಆಮೇಲೆ ಪರೀಕ್ಷೆ, ಆಮೇಲೆ ಡಾಕ್ಟರು, ಆಮೇಲೆ ಆಶಾ ಕಾರ್ಯಕರ್ತೆ ಬಂದು ಹೆಸರು ಬರೆದುಕೊಂಡು ತಾಯಿ ಕಾರ್ಡ್ ಮಾಡಿಸಿಕೊಡುವುದು. ಏಳನೇ ತಿಂಗಳ ಬಯಕೆಯ ಮಾತಂತೂ ಬಹಳ ದೂರ.

ಬಸುರಿಯಾದ ಮೇಲೆ ಚೆನ್ನಾಗಿ ತಿಂದುಣ್ಣುವುದು ಬೇಡ ಅಂತ ಇದರ ಅರ್ಥವಲ್ಲ. ಖಂಡಿತ ಬೇಕು. ಆದರೆ ಆ ಕೊಳವೆ ಮುಚ್ಚದೇ ಉಳಿಯುವ ತೊಂದರೆಯನ್ನು ತಡೆಯಬೇಕಾದರೆ ತಾಯಿಯ ರಕ್ತದಲ್ಲಿ ಫೋಲೇಟ್ (ಫೋಲಿಕ್ ಆ್ಯಸಿಡ್‌ನ ಸಹಜ ರೂಪ) ಗರ್ಭ ಕಟ್ಟುವ ಮೊದಲೇ ಸಾಕಷ್ಟು ಇರಬೇಕು.

ಒಳಗೆ ಆಗುವುದೇನು?

ಮೂರನೇ ವಾರದಲ್ಲಿ ಭ್ರೂಣ ಇನ್ನೂ ಒಂದು ಚಪ್ಪಟೆ ಹಾಳೆಯಂತೆ ಇರುತ್ತದೆ. ಅದರ ಬೆನ್ನಿನ ಕಡೆ ಉದ್ದಕ್ಕೂ ಜೀವಕೋಶಗಳ ಒಂದು ದಪ್ಪ ಪಟ್ಟಿ ಮೂಡುತ್ತದೆ. ಆ ಪಟ್ಟಿಯ ನಡುವೆ ತಗ್ಗು ಬೀಳುತ್ತದೆ, ಎರಡೂ ಅಂಚುಗಳು ಮೇಲೇಳುತ್ತವೆ, ಬಾಗಿ ಒಂದಕ್ಕೊಂದು ತಾಗಿ ಅಂಟಿಕೊಳ್ಳುತ್ತವೆ. ನಮ್ಮೂರಿನ ಮನೆಗಳಲ್ಲಿ ಬೀಡಿ ಕಟ್ಟುವುದನ್ನು ನೋಡಿದವರಿಗೆ ಇದನ್ನು ಕಣ್ಣಿಗೆ ಕಟ್ಟಿಕೊಳ್ಳುವುದು ಸುಲಭ. ಎಲೆ ಸುರುಳಿಯಾಗಿ ಕೊಳವೆಯಾಗುತ್ತದೆ, ಆಮೇಲೆ ಎರಡು ತುದಿಗಳನ್ನೂ ಮಡಚಿ ಮುಚ್ಚಬೇಕು. (ಗರ್ಭದ ಮಾತಿಗೆ ಬೀಡಿಯ ಹೋಲಿಕೆಯಾ ಅಂತ ಬಯ್ಯಬೇಡಿ. ಇದಕ್ಕಿಂತ ಹತ್ತಿರದ್ದು ನನಗೆ ಸಿಗಲಿಲ್ಲ.) ಭ್ರೂಣದ ಕೊಳವೆ ಕುತ್ತಿಗೆಯ ಭಾಗದಲ್ಲಿ ಮೊದಲು ಕೂಡಿಕೊಂಡು ಮೇಲಕ್ಕೂ ಕೆಳಕ್ಕೂ ಮುಚ್ಚುತ್ತಾ ಹೋಗುತ್ತದೆ. ತಲೆಯ ತುದಿ ಸುಮಾರು 25ನೇ ದಿನಕ್ಕೆ, ಬಾಲದ ತುದಿ ಅದಾಗಿ ಎರಡು ಮೂರು ದಿನಕ್ಕೆ ಮುಚ್ಚುತ್ತದೆ. ಡಾಕ್ಟರುಗಳು ಇದನ್ನು ನ್ಯೂರಲ್ ಟ್ಯೂಬ್ ಅನ್ನುತ್ತಾರೆ. ನಾವು ನರಕೊಳವೆ ಅನ್ನೋಣ.

ತಲೆಯ ತುದಿ ಮುಚ್ಚದೇ ಹೋದರೆ ಮಿದುಳು, ತಲೆಬುರುಡೆ ಬೆಳೆಯುವುದಿಲ್ಲ. ಇದು ಅನೆನ್ಸೆಫಲಿ. ಅಂಥ ಮಗು ಬದುಕುಳಿಯುವುದಿಲ್ಲ. ಕೆಳಗಡೆ ಎಲ್ಲಾದರೂ ತೆರೆದೇ ಉಳಿದರೆ ಅದು ಸ್ಪೈನಾ ಬೈಫಿಡಾ. ಮಗು ಹುಟ್ಟುವಾಗಲೇ ಸೊಂಟದ ಹತ್ತಿರ ಬೆನ್ನಿನ ಮೇಲೆ ತೆಳು ಪೊರೆಯ ಒಂದು ಚೀಲ ಕಾಣುತ್ತದೆ, ಅದರೊಳಗೆ ನರಗಳು ಇರುತ್ತವೆ. ಹುಟ್ಟಿದ ಎರಡು ಮೂರು ದಿನದೊಳಗೆ ಆಪರೇಷನ್ ಮಾಡಿ ಅದನ್ನು ಮುಚ್ಚುತ್ತಾರೆ. ಮುಚ್ಚಿದರೂ ಆಗಲೇ ಹಾಳಾದ ನರ ಸರಿಯಾಗುವುದಿಲ್ಲ. ಕಾಲಿನ ಬಲ ಕಡಿಮೆ, ಮೂತ್ರದ ಮೇಲೆ ಹಿಡಿತ ಇಲ್ಲ, ಹಲವರಿಗೆ ತಲೆಯಲ್ಲಿ ನೀರು ತುಂಬಿ ಶಂಟ್ ಎಂಬ ಸಣ್ಣ ನಳಿಗೆ ಹಾಕಬೇಕಾಗುತ್ತದೆ. ಒಳ್ಳೆಯ ಆರೈಕೆ ಸಿಕ್ಕಿದರೆ ಈ ಮಕ್ಕಳು ಓದುತ್ತಾರೆ, ಕೆಲಸಕ್ಕೆ ಸೇರುತ್ತಾರೆ, ಮದುವೆಯಾಗುತ್ತಾರೆ. ಆದರೆ ಆ ಆರೈಕೆ ಜೀವನಪೂರ್ತಿ ಬೇಕು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೋ ಮಣಿಪಾಲಕ್ಕೋ ಓಡಾಡುವ ಬಸ್ ಚಾರ್ಜಿನಿಂದ ಹಿಡಿದು ಅಮ್ಮ ಬಿಟ್ಟ ಕೆಲಸದವರೆಗೆ ಲೆಕ್ಕ ಹಾಕಿದರೆ, ಅದರ ಭಾರ ಎಷ್ಟು ಅಂತ ಆ ಮನೆಯವರಿಗೇ ಗೊತ್ತು.

ಭಾರತದಲ್ಲಿ ಇಂಥ ತೊಂದರೆ ಎಷ್ಟು ಸಾಮಾನ್ಯ? ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಹೇಳುವುದು ಸಾವಿರ ಹೆರಿಗೆಗೆ 4ರಿಂದ 4.5 ಅಂತ. ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ನಮ್ಮ ದೇಶದಲ್ಲಿ ವರ್ಷಕ್ಕೆ 2 ಕೋಟಿಗೂ ಜಾಸ್ತಿ ಮಕ್ಕಳು ಹುಟ್ಟುತ್ತಾರೆ.

ಇದರಲ್ಲಿ ಫೋಲಿಕ್ ಆ್ಯಸಿಡ್‌ನದ್ದೇನು ಪಾತ್ರ? ಜೀವಕೋಶ ಎರಡಾಗಬೇಕಾದರೆ ಅದರ ಡಿಎನ್‌ಎ ನಕಲಾಗಬೇಕು. ಆ ನಕಲಿಗೆ ಬೇಕಾದ ಕಚ್ಚಾ ವಸ್ತು ತಯಾರಾಗುವುದು ಫೋಲೇಟ್‌ನ ನೆರವಿನಿಂದ. ನರಕೊಳವೆ ಮುಚ್ಚುವ ದಿನಗಳಲ್ಲಿ ಕೋಶಗಳು ಭಾರೀ ವೇಗದಲ್ಲಿ ಹೆಚ್ಚುತ್ತಿರುತ್ತವೆ. ಆ ಹೊತ್ತಲ್ಲಿ ಫೋಲೇಟ್ ಕೊರತೆ ಬಿದ್ದರೆ ಅಂಚು ಅಂಚಿಗೆ ತಾಗುವಷ್ಟು ಬೆಳೆಯದೇ ಉಳಿಯಬಹುದು. ಸೊಪ್ಪು, ಕಾಳುಗಳಲ್ಲಿ ಸಹಜವಾಗಿ ಇರುವುದು ಫೋಲೇಟ್. ಮಾತ್ರೆಗೂ ಹಿಟ್ಟಿಗೂ ಹಾಕುವ, ಕಾರ್ಖಾನೆಯಲ್ಲಿ ತಯಾರಿಸಿದ ರೂಪವೇ ಫೋಲಿಕ್ ಆ್ಯಸಿಡ್. ಎರಡೂ ಬಿ9 ಜೀವಸತ್ವವೇ.

ಮುಂಬೈಯ ಮಿಲ್ಲಿನಿಂದ ಶುರುವಾದ ಕಥೆ

ಈ ಜೀವಸತ್ವದ ಕಥೆ ಅರ್ಧ ನಮ್ಮ ದೇಶದ್ದೇ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದರು. ಬಟ್ಟೆ ಮಿಲ್ಲುಗಳಲ್ಲಿ ದುಡಿಯುವ ಬಸುರಿಯರಲ್ಲಿ ಒಂದು ವಿಚಿತ್ರ ರಕ್ತಹೀನತೆ ಕಾಣುತ್ತಿತ್ತು. ಅವರ ಕೆಂಪು ರಕ್ತಕಣಗಳು ಬೇಕಾದ್ದಕ್ಕಿಂತ ದೊಡ್ಡದಾಗಿರುತ್ತಿದ್ದವು. ಯೀಸ್ಟಿನಿಂದ ಮಾಡುವ ಮಾರ್ಮೈಟ್ ಎಂಬ ಅಗ್ಗದ ತಿನಿಸನ್ನು ಕೊಟ್ಟರೆ ಅದು ವಾಸಿಯಾಗುತ್ತದೆ ಅಂತ ಅವರು 1931ರಲ್ಲಿ ಪ್ರಕಟಿಸಿದರು. ಅದರೊಳಗೆ ಏನಿದೆ ಅಂತ ಆಗ ಗೊತ್ತಿರಲಿಲ್ಲ. 1941ರಲ್ಲಿ ಅಮೆರಿಕದಲ್ಲಿ ಟನ್ನುಗಟ್ಟಲೆ ಪಾಲಕ್ ಸೊಪ್ಪನ್ನು ಅರೆದು ಸೋಸಿ ಆ ಅಂಶವನ್ನು ಬೇರ್ಪಡಿಸಿದರು. ಅದೇ ದಶಕದ ನಡುವಿನಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಲೆಡರ್ಲಿ ಕಂಪನಿಯ ತಂಡಕ್ಕೆ ಮುಂದಾಳಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಹುಟ್ಟುವ ಮಗುವಿನ ಬೆನ್ನುಹುರಿಗೂ ಇದಕ್ಕೂ ನಂಟು ಇದ್ದೀತು ಅಂತ ಇಂಗ್ಲೆಂಡಿನ ಹಿಬ್ಬಾರ್ಡ್ ಮತ್ತು ಸ್ಮಿದೆಲ್ಸ್ 1965ರಲ್ಲೇ ಬರೆದರು. ಅನುಮಾನ ಬಗೆಹರಿಯಲು ಇನ್ನೂ 26 ವರ್ಷ ಬೇಕಾಯಿತು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 7 ದೇಶಗಳ 33 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆಸಿತು. ಅದರಲ್ಲಿ ಸೇರಿದವರೆಲ್ಲ ಹಿಂದೊಮ್ಮೆ ಇಂಥ ಮಗುವನ್ನು ಹೆತ್ತ ತಾಯಂದಿರು. ಗರ್ಭ ಕಟ್ಟುವ ಮೊದಲಿನಿಂದಲೇ ಕೆಲವರಿಗೆ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆ್ಯಸಿಡ್, ಕೆಲವರಿಗೆ ಅದಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ತಾಯಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. ಒಟ್ಟು 27 ಮಕ್ಕಳಲ್ಲಿ ತೊಂದರೆ ಕಂಡಿತು. ಅದರಲ್ಲಿ 21 ಫೋಲಿಕ್ ಆ್ಯಸಿಡ್ ಸಿಗದ ತಾಯಂದಿರವು, 6 ಮಾತ್ರ ಸಿಕ್ಕಿದವರವು. ಅಂದರೆ ಅಪಾಯ 72 ಶೇಕಡಾ ಇಳಿಯಿತು. ಫಲ ಇಷ್ಟು ಸ್ಪಷ್ಟವಾಗಿ ಕಾಣುತ್ತಿರುವಾಗ ಉಳಿದವರಿಗೆ ಕೊಡದೇ ಇರುವುದು ತಪ್ಪು ಅಂತ ಪ್ರಯೋಗವನ್ನು ನಡುವಲ್ಲೇ ನಿಲ್ಲಿಸಿದರು. ಇದು 1991ರ ಮಾತು. ಹಿಂದೆ ಇಂಥ ಮಗು ಆಗದವರಿಗೂ ಉಪಯೋಗ ಉಂಟು ಅಂತ ಮರುವರ್ಷ ಹಂಗೇರಿಯಿಂದ ಬಂದ ಅಧ್ಯಯನ ತೋರಿಸಿತು. 1999ರಲ್ಲಿ ಚೀನಾದಿಂದ ಬಂದದ್ದು ಇನ್ನೂ ಮುಖ್ಯ. ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಅಂದರೆ ಒಂದು ಮಿಲಿಗ್ರಾಮಿನ ಅರ್ಧವೂ ಬೇಡ ಅಂತ ಅದು ಹೇಳಿತು.

ಹಾಗಾದರೆ ಎಲ್ಲರಿಗೂ ಮಾತ್ರೆ ಕೊಟ್ಟರೆ ಮುಗಿಯಿತಲ್ಲ ಅನ್ನಬಹುದು. ಅಲ್ಲೇ ತೊಡಕು ಇರುವುದು. ಎಷ್ಟೋ ಗರ್ಭಗಳು ಮೊದಲೇ ಯೋಚಿಸಿ ಆದವಲ್ಲ. ಯೋಚಿಸಿದವರೂ ತಿಂಗಳುಗಟ್ಟಲೆ ದಿನಾ ಮಾತ್ರೆ ನುಂಗುವುದು ಕಷ್ಟ. ಕಾಯಿಲೆಯೇ ಇಲ್ಲದೆ ಮಾತ್ರೆ ತಿನ್ನುವ ಸೊಸೆಯನ್ನು ನಮ್ಮ ಮನೆಗಳಲ್ಲಿ ಹೇಗೆ ನೋಡುತ್ತಾರೆ ಅಂತ ನಿಮಗೂ ಗೊತ್ತು. ಅದಕ್ಕೆ ಕೆಲವು ದೇಶಗಳು ಬೇರೆ ದಾರಿ ಹಿಡಿದವು. ಎಲ್ಲರೂ ದಿನಾ ತಿನ್ನುವ ಆಹಾರಕ್ಕೇ ಅದನ್ನು ಸೇರಿಸಿದವು. ನೆನಪಿಟ್ಟುಕೊಳ್ಳುವ ಕೆಲಸ ಹೆಂಗಸರ ತಲೆಯಿಂದ ಇಳಿದು ಗಿರಣಿಯ ಪಾಲಿಗೆ ಬಂತು.

ಅಮೆರಿಕದಲ್ಲಿ 1998ರ ಜನವರಿಯಿಂದ ಹಿಟ್ಟು, ಬ್ರೆಡ್ಡು, ಪಾಸ್ತಾ ಇವಕ್ಕೆಲ್ಲ ಕಡ್ಡಾಯ. 100 ಗ್ರಾಂ ಹಿಟ್ಟಿಗೆ 140 ಮೈಕ್ರೋಗ್ರಾಂ. ಇದರಿಂದ ವರ್ಷಕ್ಕೆ ಸುಮಾರು 1,300 ಮಕ್ಕಳು ಈ ತೊಂದರೆಯಿಂದ ಪಾರಾಗುತ್ತಿದ್ದಾರೆ ಅಂತ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಅಂದಾಜು. ಚಿಲಿಯಲ್ಲಿ 2000ದಿಂದ ಶುರುವಾಯಿತು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಕೆನಡಾದ ಲೆಕ್ಕ. ದೇಶದ ಒಟ್ಟಾರೆ ಪ್ರಮಾಣ 46 ಶೇಕಡಾ ಇಳಿಯಿತು. ಆದರೆ ಪೂರ್ವದ ತುದಿಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ಎಂಬ ಮೀನುಗಾರರ ನಾಡಿನಲ್ಲಿ ಮೊದಲು ಸಾವಿರಕ್ಕೆ 4.5ರಷ್ಟು ಇದ್ದದ್ದು ಒಂದಕ್ಕಿಂತ ಕೆಳಗೆ ಬಂತು. 4.5 ಅಂದರೆ ಹೆಚ್ಚುಕಮ್ಮಿ ಈಗ ಭಾರತಕ್ಕೆ ಹೇಳುವ ಸಂಖ್ಯೆಯೇ. ತೊಂದರೆ ಎಲ್ಲಿ ಜಾಸ್ತಿಯೋ ಅಲ್ಲಿ ಲಾಭವೂ ಜಾಸ್ತಿ.

ವಿಚಿತ್ರ ಅಂದರೆ 1991ರಲ್ಲಿ ಲೋಕಕ್ಕೇ ಸಾಕ್ಷಿ ಕೊಟ್ಟ ಬ್ರಿಟನ್, ತನ್ನ ಹಿಟ್ಟಿಗೆ ಇದನ್ನು ಸೇರಿಸುವ ಕಾನೂನು ಮಾಡಿದ್ದು 2024ರಲ್ಲಿ. 33 ವರ್ಷ! ಸರ್ಕಾರದ ಕೆಲಸ ನಿಧಾನ ಆಗುವುದು ನಮ್ಮಲ್ಲಿ ಮಾತ್ರ ಅಲ್ಲ ಮಾರಾಯ್ರೆ.

ಕುಚ್ಚಲಕ್ಕಿಯ ನಾಡಿನಲ್ಲಿ

ಈಗ ನಮ್ಮ ತಟ್ಟೆ ನೋಡೋಣ. ಆ ದೇಶಗಳಿಗೆಲ್ಲ ಕೆಲಸ ಸುಲಭವಾದದ್ದು ಅವರು ಗೋಧಿ ಹಿಟ್ಟು ತಿನ್ನುವುದರಿಂದ. ದೊಡ್ಡ ಗಿರಣಿಯಲ್ಲಿ ಹಿಟ್ಟು ಬೀಳುವ ಜಾಗದಲ್ಲಿ ಪುಡಿ ಬೆರೆಸುವ ಯಂತ್ರ ಕೂರಿಸಿದರೆ ಆಯಿತು. ಮಂಗಳೂರು, ಉಡುಪಿಯಲ್ಲಿ ಗೋಳಿಬಜೆ, ಬನ್ಸ್, ಪರೋಟ ಅಂತ ಮೈದಾ ಹೊಟ್ಟೆಗೆ ಹೋಗುವುದು ಹೌದು. ಆದರೆ ಹೊಟ್ಟೆ ತುಂಬುವುದು ಅಕ್ಕಿಯಿಂದ. ಬೆಳಿಗ್ಗೆ ನೀರುದೋಸೆ ಅಥವಾ ಪುಂಡಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ. ಅಕ್ಕಿಯನ್ನು ನಾವು ಇಡೀ ಕಾಳಾಗಿ ಕೊಳ್ಳುತ್ತೇವೆ. ಅದರ ಮೇಲೆ ಪುಡಿ ಉದುರಿಸಿದರೆ ಮೊದಲ ತೊಳೆತಕ್ಕೇ ಬಚ್ಚಲಿಗೆ ಹೋಗುತ್ತದೆ.

ಅದಕ್ಕೆ ಬೇರೊಂದು ಉಪಾಯ ಮಾಡಿದ್ದಾರೆ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆ್ಯಸಿಡ್, ಬಿ12 ಬೆರೆಸಿ, ನೀರು ಹಾಕಿ ನಾದಿ, ಯಂತ್ರದಲ್ಲಿ ಬಿಸಿಯಾಗಿ ಒತ್ತಿ, ಅಕ್ಕಿಕಾಳಿನ ಆಕಾರಕ್ಕೇ ಕತ್ತರಿಸಿ ಒಣಗಿಸುತ್ತಾರೆ. ಇದೇ ಸಾರವರ್ಧಿತ ಕಾಳು. ಮಾಮೂಲಿ ಅಕ್ಕಿ 100 ಪಾಲಿಗೆ ಇದು 1 ಪಾಲು. 50 ಕಿಲೋ ಗೋಣಿಗೆ ಅರ್ಧ ಕಿಲೋ. ಪ್ಯಾಕೆಟ್ ಮೇಲೆ ಪ್ಲಸ್ ಗುರುತಿನ ಜೊತೆ ಇಂಗ್ಲಿಷಿನ ಎಫ್ ಅಕ್ಷರ ಇದ್ದರೆ ಅದು ಈ ಅಕ್ಕಿ. 2021ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿಯವರು ಎಲ್ಲ ಸರ್ಕಾರಿ ಯೋಜನೆಗಳ ಅಕ್ಕಿಯನ್ನು 2024ರೊಳಗೆ ಹೀಗೆ ಮಾಡುವುದಾಗಿ ಹೇಳಿದರು. ಇದನ್ನು 2028ರ ಡಿಸೆಂಬರ್‌ವರೆಗೆ ಮುಂದುವರಿಸಲು ಕೇಂದ್ರ ಸಂಪುಟ 2024ರ ಅಕ್ಟೋಬರ್‌ನಲ್ಲಿ ಒಪ್ಪಿತು. ರೇಷನ್ ಅಂಗಡಿ, ಅಂಗನವಾಡಿ, ಶಾಲೆಯ ಬಿಸಿಯೂಟ ಎಲ್ಲವೂ ಇದರಲ್ಲಿ ಸೇರಿದ್ದವು. 2026ರಲ್ಲಿ ಕೇಂದ್ರ ಇದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ವಾಟ್ಸಾಪಿನಲ್ಲಿ ಓಡಾಡಿದ "ರೇಷನ್‌ನಲ್ಲಿ ಪ್ಲಾಸ್ಟಿಕ್ ಅಕ್ಕಿ" ವಿಡಿಯೋಗಳಲ್ಲಿ ಬಹಳಷ್ಟು ಈ ಕಾಳಿನದ್ದೇ. ಬಣ್ಣ ಸ್ವಲ್ಪ ಬೇರೆ, ಮೈ ನುಣುಪು, ಉಳಿದ ಅಕ್ಕಿಯ ನಡುವೆ ಬೇರೆಯಾಗಿ ಕಾಣುತ್ತದೆ. ಗೆರಸೆಯಲ್ಲಿ ಕೇರುವಾಗ ಅಜ್ಜಿಯಂದಿರ ಕಣ್ಣಿಗೆ ಬೀಳದೇ ಇರುತ್ತದಾ? ಒಂದೊಂದನ್ನೇ ಹೆಕ್ಕಿ ಬಿಸಾಡುತ್ತಾರೆ. ಬಿಸಾಡಿದ್ದು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟು. ಒಂದು ಮಾತು ಮೊದಲೇ ಹೇಳಿದ್ದರೆ ಈ ಗಲಾಟೆ ಇರುತ್ತಿರಲಿಲ್ಲ.

ಇನ್ನು ಅಸಲು ಲೆಕ್ಕಕ್ಕೆ ಬರೋಣ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2018ರಲ್ಲಿ ಮಾಡಿದ ನಿಯಮದ ಪ್ರಕಾರ ಸಾರವರ್ಧಿತ ಅಕ್ಕಿಯ ಒಂದು ಕಿಲೋದಲ್ಲಿ 75ರಿಂದ 125 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರಬೇಕು. ಒಬ್ಬಳು ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ ಉಂಡರೆ ಅವಳಿಗೆ ಸಿಗುವುದು 22ರಿಂದ 37 ಮೈಕ್ರೋಗ್ರಾಂ. ಬೇಕಾದದ್ದು 400. ಈ ಅಕ್ಕಿಯಿಂದಲೇ ಅಷ್ಟು ಸಿಗಬೇಕಾದರೆ ದಿನಕ್ಕೆ 3 ಕಿಲೋಗಿಂತ ಜಾಸ್ತಿ ಬೇಯಿಸಿ ಉಣ್ಣಬೇಕು! ಅಮೆರಿಕದ ಹಿಟ್ಟಿನಲ್ಲಿ ಕಿಲೋಗೆ 1,400 ಮೈಕ್ರೋಗ್ರಾಂ ಇರುತ್ತದೆ. ನಮ್ಮದು ಅದರ ಹತ್ತನೇ ಒಂದು ಪಾಲೂ ಇಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಅಮೆರಿಕದವರೂ ಹಿಟ್ಟಿನಿಂದಲೇ 400 ತಲುಪಿಸಲು ಹೊರಟವರಲ್ಲ. ಸರಾಸರಿ 100ರಷ್ಟು ಜಾಸ್ತಿ ಸಿಗಲಿ ಅಂತ ಅವರ ಲೆಕ್ಕ ಇತ್ತು. ಅಷ್ಟಕ್ಕೇ ಒಳ್ಳೆಯ ಫಲ ಬಂತು. ಹಾಗಾಗಿ ನಮ್ಮ 30 ಮೈಕ್ರೋಗ್ರಾಂ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಅಕ್ಕಿ ಯೋಜನೆಯ ಗುರಿ ರಕ್ತಹೀನತೆ ತಡೆಯುವುದಾಗಿತ್ತು. ಅದರಲ್ಲಿ ದೊಡ್ಡ ಪಾತ್ರ ಕಬ್ಬಿಣದ್ದು, ಕಿಲೋಗೆ 28ರಿಂದ 42.5 ಮಿಲಿಗ್ರಾಂ. ಫೋಲಿಕ್ ಆ್ಯಸಿಡ್ ಜೊತೆಗೆ ಬಂದದ್ದು ಅಷ್ಟೇ. "ರೇಷನ್ ಅಕ್ಕಿಯಲ್ಲಿ ಎಲ್ಲ ಹಾಕಿದ್ದಾರಲ್ಲ, ಮಾತ್ರೆ ಯಾಕೆ" ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೂ ಒಂದೆರಡು ತೊಡಕು ಉಂಟು. ಊರಿನ ಕುಚ್ಚಲಕ್ಕಿಯನ್ನೇ ರೇಷನ್‌ನಲ್ಲಿ ಕೊಡಿ ಅಂತ ಇಲ್ಲಿನವರು ಕೇಳುತ್ತಾ ಬಂದದ್ದು ಎಷ್ಟೋ ವರ್ಷದಿಂದ. ಬೇರೆ ಅಕ್ಕಿ ಬಂದರೆ ಅದು ದೋಸೆಗೆ, ತಿಂಡಿಗೆ ಹೋಗುತ್ತದೆ. ದಿನದ ಊಟಕ್ಕೆ ಅಂಗಡಿಯಿಂದ ತಂದ ಕುಚ್ಚಲಕ್ಕಿಯೇ ಬೇಕು, ಅದರಲ್ಲಿ ಸಾರವರ್ಧಿತ ಕಾಳು ಸಿಗುವುದು ಅಪರೂಪ. ಇನ್ನು ಬೇಯಿಸುವ ಕ್ರಮ. ಕುಚ್ಚಲಕ್ಕಿಗೆ ಧಾರಾಳ ನೀರಿಟ್ಟು, ಬೆಂದ ಮೇಲೆ ತೆಳಿ ಬಸಿಯುತ್ತೇವೆ. ಫೋಲಿಕ್ ಆ್ಯಸಿಡ್ ನೀರಲ್ಲಿ ಕರಗುವಂಥದ್ದು. ಒತ್ತಿ ಮಾಡಿದ ಕಾಳು ಅದನ್ನು ತಕ್ಕಮಟ್ಟಿಗೆ ಹಿಡಿದಿಟ್ಟುಕೊಂಡರೂ ಬಸಿದ ನೀರಿನಲ್ಲಿ ಒಂದಿಷ್ಟು ಹೋಗುತ್ತದೆ. ಆ ತೆಳಿಯನ್ನು ಉಪ್ಪು ಹಾಕಿ ಕುಡಿಯುವ ಅಭ್ಯಾಸ ಇದ್ದ ಮನೆಯಲ್ಲಿ ನಷ್ಟ ಕಡಿಮೆ. ಗಂಜಿ ಉಣ್ಣುವವರಿಗೆ ಈ ಚಿಂತೆಯೇ ಇಲ್ಲ, ನೀರು ಅದರಲ್ಲೇ ಇರುತ್ತದಲ್ಲ.

ಬಸಳೆ, ಹರಿವೆ, ಪತ್ರೊಡೆಯ ಕೆಸುವಿನೆಲೆ, ಹೆಸರುಕಾಳು, ಅಲಸಂಡೆ, ಇವೆಲ್ಲದರಲ್ಲಿ ಫೋಲೇಟ್ ಉಂಟು. ಚೆನ್ನಾಗಿ ತಿನ್ನಿ. ಆದರೆ ಸೊಪ್ಪಿನ ಫೋಲೇಟ್ ಬಿಸಿಗೂ ನೀರಿಗೂ ಬೇಗ ಹಾಳಾಗುತ್ತದೆ, ಮೈಗೆ ಹತ್ತುವುದೂ ಮಾತ್ರೆಯದ್ದಕ್ಕಿಂತ ಕಡಿಮೆ. ಮಸಾಲೆ ಹಾಕಿ ಗಂಟೆಗಟ್ಟಲೆ ಕುದಿಸಿದ ಬಸಳೆಯ ರುಚಿಗೆ ಸಾಟಿ ಇಲ್ಲ, ಒಪ್ಪಿದೆ. ನರಕೊಳವೆಯ ಕೆಲಸವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಡುವುದು ಬೇಡ.

ಉಪ್ಪಿನ ದಾರಿ

ನನಗೆ ಅಕ್ಕಿಗಿಂತ ಉಪ್ಪಿನ ಮೇಲೆ ನಂಬಿಕೆ ಜಾಸ್ತಿ. ಕಾರಣ ಸರಳ. ಕುಚ್ಚಲಕ್ಕಿ ಉಣ್ಣುವವರೂ, ಬೆಳ್ತಿಗೆ ಉಣ್ಣುವವರೂ, ಚಪಾತಿಯವರೂ, ಎಲ್ಲರೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನುವುದು ಉಪ್ಪು ಮಾತ್ರ. ದೇಶದ ಉಪ್ಪಿನ ದೊಡ್ಡ ಪಾಲು ಗುಜರಾತಿನಿಂದ ಬರುತ್ತದೆ, ಹಾಗಾಗಿ ಬೆರೆಸುವ ಕೆಲಸ ಊರೂರಿನ ಮಿಲ್ಲುಗಳಲ್ಲಿ ಮಾಡಬೇಕಾಗಿಲ್ಲ. ದಾರಿಯೂ ಹೊಸದಲ್ಲ. 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾದಾಗಿನಿಂದ ನಾವು ಉಪ್ಪಿಗೆ ಅಯೋಡಿನ್ ಹಾಕುತ್ತಲೇ ಬಂದಿದ್ದೇವೆ.

ಇದು ಸುಮ್ನೆ ಊಹೆ ಅಲ್ಲ. ಆಂಧ್ರದ ನಾಲ್ಕು ಹಳ್ಳಿಗಳಲ್ಲಿ 83 ಹೆಂಗಸರಿಗೆ ಅಯೋಡಿನ್ ಜೊತೆ ಫೋಲಿಕ್ ಆ್ಯಸಿಡ್ ಕೂಡ ಹಾಕಿದ ಉಪ್ಪನ್ನು ನಾಲ್ಕು ತಿಂಗಳು ಅಡುಗೆಗೆ ಕೊಟ್ಟು ನೋಡಿದರು. ರಕ್ತದಲ್ಲಿನ ಫೋಲೇಟ್ ಮೂರೂವರೆ ಪಟ್ಟಿಗಿಂತ ಜಾಸ್ತಿ ಏರಿತು. 2024ರಲ್ಲಿ ಇದು ಪ್ರಕಟವಾಯಿತು. ಸಣ್ಣ ಅಧ್ಯಯನ, ಹುಟ್ಟುವ ಮಕ್ಕಳ ಲೆಕ್ಕ ಅದರಲ್ಲಿ ಇಲ್ಲ. ಆದರೂ ದಿನದ ಸಾರಿನ ಮೂಲಕ ಫೋಲೇಟ್ ಏರಿಸಬಹುದು ಅಂತ ತೋರಿಸಿತು. ಅದರ ಹಿಂದಿನ ವರ್ಷ, 2023ರ ಮೇ ತಿಂಗಳಲ್ಲಿ, ವಿಶ್ವ ಆರೋಗ್ಯ ಸಭೆ ಆಹಾರಕ್ಕೆ ಇಂಥ ಪೋಷಕಾಂಶ ಸೇರಿಸಲು ದೇಶಗಳನ್ನು ಒತ್ತಾಯಿಸುವ ನಿರ್ಣಯ ಮಾಡಿತು. ಸ್ಪೈನಾ ಬೈಫಿಡಾದ ಹೆಸರು ಆ ನಿರ್ಣಯದಲ್ಲೇ ಇದೆ.

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಹೇಳಬೇಕು. ಫೋಲಿಕ್ ಆ್ಯಸಿಡ್ ಅತಿಯಾದರೆ ಬಿ12 ಕೊರತೆಯನ್ನು ಮರೆಮಾಚುತ್ತದೆ ಅನ್ನುವ ಭಯ ಹಳೆಯದು. ಎರಡರಲ್ಲಿ ಯಾವುದರ ಕೊರತೆಯಾದರೂ ಒಂದೇ ಬಗೆಯ ರಕ್ತಹೀನತೆ ಬರುತ್ತದೆ. ಬಿ12 ಕೊರತೆ ಇದ್ದವರಿಗೆ ಬರೀ ಫೋಲಿಕ್ ಆ್ಯಸಿಡ್ ಜಾಸ್ತಿ ಕೊಟ್ಟರೆ ರಕ್ತ ಸರಿಯಾದಂತೆ ಕಾಣುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ. ಅದಕ್ಕೇ ದೊಡ್ಡವರಿಗೆ ದಿನಕ್ಕೆ 1,000 ಮೈಕ್ರೋಗ್ರಾಂ ಮಿತಿ ಇಟ್ಟಿದ್ದಾರೆ. ಬಿ12 ಸಿಗುವುದು ಮೀನು, ಮಾಂಸ, ಮೊಟ್ಟೆ, ಹಾಲಿನಿಂದ. ದಿನಾ ಬೂತಾಯಿ, ಬಂಗುಡೆ ಉಣ್ಣುವ ಮನೆಯವರು ಈ ವಿಷಯದಲ್ಲಿ ಅದೃಷ್ಟವಂತರು. ಪಕ್ಕಾ ಸಸ್ಯಾಹಾರಿ ಮನೆಯ ಹೆಣ್ಣುಮಕ್ಕಳು ಮಾತ್ರ ಬಿ12 ಕಡೆಗೂ ಕಣ್ಣಿಡಬೇಕು. ಪುಣೆಯ ಹಳ್ಳಿಗಳಲ್ಲಿ ತಾಯಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2008ರಲ್ಲಿ ಒಂದು ವಿಷಯ ಹೇಳಿತು. ಗರ್ಭಿಣಿಯಾಗಿದ್ದಾಗ ಫೋಲೇಟ್ ಜಾಸ್ತಿ, ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ 6 ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಜಾಸ್ತಿ ಇತ್ತು. ಬಿ12 ಕೊರತೆಯಿಂದಲೂ ನರಕೊಳವೆಯ ತೊಂದರೆಯ ಅಪಾಯ ಏರುತ್ತದೆ. ಹಾಗಾಗಿ ಉಪ್ಪಿಗಾಗಲಿ ಅಕ್ಕಿಗಾಗಲಿ ಎರಡನ್ನೂ ಒಟ್ಟಿಗೆ ಸೇರಿಸುವುದೇ ಸರಿ ಅಂತ ನನ್ನ ಅಭಿಪ್ರಾಯ. ನಮ್ಮ ಅಕ್ಕಿಯ ನಿಯಮದಲ್ಲಿ ಬಿ12 ಇರುವುದು ಒಳ್ಳೆಯ ಕೆಲಸ.

ಇನ್ನೊಂದು ಮಾತು ಹೇಳದೇ ಇರಲಾರೆ. ಫೋಲಿಕ್ ಆ್ಯಸಿಡ್ ಸರಿಯಾಗಿ ತೆಗೆದುಕೊಂಡರೂ ಎಲ್ಲ ನರಕೊಳವೆಯ ತೊಂದರೆಯೂ ತಪ್ಪುವುದಿಲ್ಲ. ವಂಶವಾಹಿಯ ಕಾರಣ ಇರಬಹುದು, ತಾಯಿಯ ಸಕ್ಕರೆ ಕಾಯಿಲೆ ಇರಬಹುದು, ಅಪಸ್ಮಾರದ ಕೆಲವು ಔಷಧಿ ಇರಬಹುದು. ಇಂಥ ಮಗು ಹುಟ್ಟಿದ ಮನೆಯಲ್ಲಿ ನಾವು ಕೇಳುವ ಮಾತೇ ಬೇರೆ. ಗ್ರಹಣದ ಹೊತ್ತಿಗೆ ಹೊರಗೆ ಬಂದಿದ್ದಳು, ಕತ್ತಿ ಹಿಡಿದು ತರಕಾರಿ ಕೊಚ್ಚಿದ್ದಳು, ಆ ಕಡೆಯವರಿಗೆ ನಾಗದೋಷ ಉಂಟು. ಪೂಜೆ ಮಾಡಿಸುವುದು ಅವರವರ ನಂಬಿಕೆ, ಮಾಡಿಸಿಕೊಳ್ಳಲಿ. ಆದರೆ ಕೊಳವೆ ಮುಚ್ಚುವ ದಿನಗಳಲ್ಲಿ ತಾನು ಬಸುರಿ ಅಂತಲೇ ಗೊತ್ತಿಲ್ಲದ ಹೆಣ್ಣಿನ ತಲೆಗೆ ತಪ್ಪು ಕಟ್ಟುವುದು ಎಲ್ಲಿಯ ನ್ಯಾಯ?

ಮಾತ್ರೆಯ ಲೆಕ್ಕ

ಅಕ್ಕಿಯ ಅಳತೆ ಏರುವವರೆಗೆ, ಉಪ್ಪಿಗೆ ಫೋಲಿಕ್ ಆ್ಯಸಿಡ್ ಬರುವವರೆಗೆ, ಉಳಿದಿರುವುದು ಮಾತ್ರೆ. ಮಗು ಬೇಕು ಅಂದುಕೊಂಡ ದಿನದಿಂದಲೇ, ಕೊನೇಪಕ್ಷ ಗರ್ಭ ಕಟ್ಟುವ ಒಂದು ತಿಂಗಳ ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ, ದಿನಕ್ಕೆ 400 ಮೈಕ್ರೋಗ್ರಾಂ. ಸರ್ಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಹೇಳುವುದೂ ಇದನ್ನೇ. ಮದುವೆ ಗೊತ್ತಾದಾಗ ಸೀರೆ, ಚಿನ್ನದ ಪಟ್ಟಿಯ ಜೊತೆ ಇದನ್ನೂ ಸೇರಿಸಿದರೆ ಖರ್ಚೇನೂ ಜಾಸ್ತಿ ಆಗುವುದಿಲ್ಲ, ಬಹಳ ಅಗ್ಗದ ಮಾತ್ರೆ. ಮಗು ಸದ್ಯಕ್ಕೆ ಬೇಡ ಅಂತ ಇರುವವರೂ ತಗೊಂಡರೆ ನಷ್ಟವಿಲ್ಲ, ಯೋಚಿಸದೆ ಆಗುವ ಗರ್ಭಕ್ಕೂ ರಕ್ಷಣೆ ಸಿಗುತ್ತದೆ.

ಇದೇ ಕಾರ್ಯಕ್ರಮದಲ್ಲಿ 20ರಿಂದ 49 ವರ್ಷದ ಹೆಂಗಸರಿಗೆ ವಾರಕ್ಕೊಂದು ಕೆಂಪು ಮಾತ್ರೆ ಕೊಡುವುದು ಉಂಟು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್. ರಕ್ತಕ್ಕೆ ಒಳ್ಳೆಯದು. ಆದರೆ ವಾರದ 500ನ್ನು ಏಳರಿಂದ ಭಾಗಿಸಿದರೆ ದಿನಕ್ಕೆ 71 ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ವಾರದ ಮಾತ್ರೆಗೆ ಹೇಳುವ ಅಳತೆ 2,800 ಮೈಕ್ರೋಗ್ರಾಂ. ಆದ್ದರಿಂದ "ಕೆಂಪು ಮಾತ್ರೆ ತಗೊಳ್ತಿದ್ದೇನೆ" ಅಂತ ದಿನದ ಮಾತ್ರೆ ಬಿಡಬೇಡಿ.

ಮೆಡಿಕಲ್ ಶಾಪಿನಲ್ಲಿ ಸುಮ್ನೆ "ಫೋಲಿಕ್ ಆ್ಯಸಿಡ್ ಕೊಡಿ" ಅಂದರೆ ಹೆಚ್ಚಾಗಿ ಕೈಗೆ ಬರುವುದು 5 ಮಿಲಿಗ್ರಾಮಿನದ್ದು. ಅದು 400 ಮೈಕ್ರೋಗ್ರಾಮಿನ ಹನ್ನೆರಡೂವರೆ ಪಟ್ಟು. ಹಿಂದೆ ಇಂಥ ಮಗು ಆದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಅಪಸ್ಮಾರಕ್ಕೆ ವಾಲ್‌ಪ್ರೋಯೇಟ್‌ನಂಥ ಔಷಧಿ ತೆಗೆದುಕೊಳ್ಳುವವರಿಗೆ ಡಾಕ್ಟರು ಆ ದೊಡ್ಡ ಮಾತ್ರೆ ಬರೆಯುತ್ತಾರೆ. ಉಳಿದವರು ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂದೆ ಬರೆದ ಅಳತೆ ಓದಿ, 400 ಮೈಕ್ರೋಗ್ರಾಮಿನದ್ದು ಕೇಳಿ ತಗೊಳ್ಳಿ, ಕೆಲವು ಪಟ್ಟಿಯಲ್ಲಿ ಅದನ್ನು 0.4 ಮಿಲಿಗ್ರಾಂ ಅಂತ ಬರೆದಿರುತ್ತಾರೆ. ಅಪಸ್ಮಾರದ ಔಷಧಿಯನ್ನು ಮಗುವಿನ ಆಸೆಗೆ ತಾವಾಗಿಯೇ ನಿಲ್ಲಿಸಬಾರದು, ಬದಲಿಸಬೇಕಾದರೆ ಡಾಕ್ಟರೇ ಮೊದಲಿಂದ ಯೋಜನೆ ಮಾಡಿ ಬದಲಿಸುತ್ತಾರೆ. ಗರ್ಭ ನಿಂತ ಮೇಲೆ 18ರಿಂದ 20ನೇ ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ. ಬೆನ್ನುಹುರಿಯ ತೊಂದರೆ ಇದ್ದರೆ ಹೆಚ್ಚಾಗಿ ಅಲ್ಲಿ ಕಾಣುತ್ತದೆ. ನಾಲ್ಕನೇ ತಿಂಗಳಿಂದ ಕಬ್ಬಿಣ ಸೇರಿದ ಮಾತ್ರೆ ದಿನಕ್ಕೊಂದರಂತೆ 180 ದಿನ ಇರುತ್ತದೆ. ಅದನ್ನು ಚಾ, ಕಾಫಿ ಜೊತೆ ನುಂಗಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು ನೀರಿನ ಜೊತೆ ತಗೊಂಡರೆ ಹೊಟ್ಟೆ ತೊಳೆಸುವುದೂ ಕಡಿಮೆ.